ಸರ್ಚ್ ವಾರಂಟ್‌ನಲ್ಲಿ ತಪ್ಪಿದೆಯಾ? ತಕರಾರು ಹಾಕೋದು ಹೀಗೆ

ಪೊಲೀಸರು ವಾರಂಟ್ ಹಿಡಿದು ಬಂದಾಗ ನಮ್ಮ ಜನ ಒಂದೋ ಬಾಗಿಲಿಗೆ ಅಡ್ಡ ನಿಂತು ಕೂಗಾಡುತ್ತಾರೆ, ಇಲ್ಲವೇ ಬೆರಳು ತೋರಿಸಿದ ಕಡೆಯೆಲ್ಲ ಸಹಿ ಹಾಕುತ್ತಾರೆ. ಎರಡೂ ಆಮೇಲೆ ಕೋರ್ಟಿನಲ್ಲಿ ಕಾಡುತ್ತವೆ.

1. ವಾರಂಟ್ ಕೇಳಿ, ಪೂರ್ತಿ ಓದಿ. ಫೋಟೋ ತೆಗೆಯಲು ಬಿಡದಿದ್ದರೆ ಕೋರ್ಟಿನ ಹೆಸರು, ನಂಬರು, ದಿನಾಂಕ ಬರೆದುಕೊಳ್ಳಿ.

2. ತಡೆಯಬೇಡಿ. ಸರ್ಕಾರಿ ಕೆಲಸಕ್ಕೆ ಅಡ್ಡಿ ಅಂತ ಸುಮ್ನೆ ಇನ್ನೊಂದು ಕೇಸು ಮೈಮೇಲೆ ಬರುತ್ತದೆ.

3. ತಪ್ಪು ಎಂಥದ್ದು ನೋಡಿ. ಜಾಸ್ತಿ ಜನ ಎಡವುವುದು ಇಲ್ಲೇ. 'ಸಿದ್ದೇಗೌಡ' ಹೋಗಿ 'ಸಿದ್ಧೇಗೌಡ' ಆಗಿದ್ದರೆ ಬಿಟ್ಟುಬಿಡಿ, ಕೋರ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಮಂಡ್ಯದ ಹಳ್ಳಿಗಳಲ್ಲಿ ಒಂದೇ ಬೀದಿಗೆ ಮೂವರು ಸಿದ್ದೇಗೌಡರು ಇರುತ್ತಾರಲ್ವಾ? ಅಲ್ಲಿ 'ಬಿನ್' ಆದಮೇಲೆ ಬರುವ ಅಪ್ಪನ ಹೆಸರು ಬೇರೆಯಾಗಿದ್ದರೆ ತಕರಾರಿಗೆ ತೂಕವಿದೆ. ಮೈಸೂರಿನ ವಿಜಯನಗರದಲ್ಲಿ 2ನೇ ಹಂತದ ಬದಲು 3ನೇ ಹಂತ ಎಂದಿದ್ದರೆ ಅದು ಬೇರೆಯೇ ಮನೆ. ಕೆಳಗಿನ ಅಂಗಡಿ ಮಾತ್ರ ಎಂದು ಬರೆದಿದ್ದರೆ ಆ ವಾರಂಟ್ ಹಿಡಿದು ಮೇಲಿನ ಮನೆ ಹುಡುಕುವಂತಿಲ್ಲ. ನ್ಯಾಯಾಧೀಶರ ಸಹಿ, ಕೋರ್ಟಿನ ಮೊಹರು ಇಲ್ಲದಿದ್ದರೆ ಅದು ದೊಡ್ಡ ಲೋಪ. ಹಾಗಂತ ಕುಣಿಯಬೇಡಿ. ಕೆಲವು ಸಂದರ್ಭಗಳಲ್ಲಿ ಕಾರಣ ಬರೆದಿಟ್ಟು ವಾರಂಟೇ ಇಲ್ಲದೆ ಹುಡುಕುವ ಅಧಿಕಾರವೂ ಪೊಲೀಸರಿಗಿದೆ.

4. ಮಹಜರಿನಲ್ಲೇ (ಶೋಧನೆ ವೇಳೆ ಪೊಲೀಸರು ಬರೆಯುವ ದಾಖಲೆ) ತಕರಾರು ಬರೆಯಿರಿ. ಸಹಿಯ ಮೇಲೆ ಒಂದು ಸಾಲು ಸಾಕು: 'ವಾರಂಟ್‌ನಲ್ಲಿ 3ನೇ ಹಂತ ಎಂದಿದೆ, ಹುಡುಕಿದ್ದು 2ನೇ ಹಂತದ ನನ್ನ ಮನೆ, ತಕರಾರಿದೆ.' ಬರೆಯಲು ಬಿಡಲಿಲ್ಲವೇ? ಅವತ್ತೇ ಮ್ಯಾಜಿಸ್ಟ್ರೇಟರಿಗೂ ಪೊಲೀಸ್ ಮೇಲಧಿಕಾರಿಗೂ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಅವಸರ ಯಾಕೆಂದರೆ, ಇಂಥ ಲೋಪದಿಂದ ನ್ಯಾಯಕ್ಕೆ ಧಕ್ಕೆಯಾಯಿತೇ ಎಂದು ನೋಡುವಾಗ, ಈ ಮಾತು ಮೊದಲೇ ಯಾಕೆ ಎತ್ತಲಿಲ್ಲ ಎಂದೂ ಕೋರ್ಟು ಕೇಳುತ್ತದೆ. ಪಂಚರು (ಶೋಧನೆಯ ಸಾಕ್ಷಿಗಳು) ಸ್ಥಳೀಯರೇ, ವಿಡಿಯೋ ಮಾಡಿದರೇ ಗಮನಿಸಿ. ಹೊಸ ಕ್ರಿಮಿನಲ್ ಪ್ರಕ್ರಿಯೆ ಕಾನೂನಿನಲ್ಲಿ (ಬಿಎನ್‌ಎಸ್‌ಎಸ್) ವಿಡಿಯೋ ಕಡ್ಡಾಯ. ಜಪ್ತಿ ಪಟ್ಟಿಯ ಪ್ರತಿ ಕೈಗೆ ಬರುವವರೆಗೂ ಬಿಡಬೇಡಿ.

5. ವಕೀಲರನ್ನು ಹಿಡಿಯಿರಿ. ವಾರಂಟ್ ಮತ್ತು ಅದಕ್ಕಾಗಿ ಪೊಲೀಸರು ಕೊಟ್ಟ ಅರ್ಜಿ, ಎರಡರದ್ದೂ ದೃಢೀಕೃತ ನಕಲು ತೆಗೆಸಿ. ವಿಳಾಸ ಎಲ್ಲಿ ಕೆಟ್ಟಿತು ಎಂಬುದು ಆ ಅರ್ಜಿ ನೋಡಿದರೇನೇ ತಿಳಿಯುವುದು. ಜೆರಾಕ್ಸ್ ಅಂಗಡಿಯ ರೆಡಿಮೇಡ್ ಅರ್ಜಿಗೆ ದುಡ್ಡು ದಂಡ ಮಾಡಬೇಡಿ, ಅದರಲ್ಲಿ ಹಳೆಯ ಸೆಕ್ಷನ್ನೇ ಇರಬಹುದು. 2024ರ ಜುಲೈ 1ರಿಂದ ಹಳೆಯ ಕಾನೂನಾದ ಸಿಆರ್‌ಪಿಸಿ ಜಾಗಕ್ಕೆ ಬಿಎನ್‌ಎಸ್‌ಎಸ್ ಬಂದಿದೆ, ಸರ್ಚ್ ವಾರಂಟ್‌ನ ಹಳೆಯ ಸೆಕ್ಷನ್ 93 ಈಗ 96.

ತಪ್ಪು ಸಿಕ್ಕಿದರೆ ಕೇಸೇ ಬಿದ್ದುಹೋಗುತ್ತದೆ ಎಂಬ ವಾಟ್ಸಾಪ್ ಮಾತು ನಂಬಬೇಡಿ. ಶೋಧನೆ ಅಕ್ರಮವಾಗಿದ್ದರೂ ಸಿಕ್ಕ ವಸ್ತು ಸಾಕ್ಷ್ಯವಾಗಬಹುದು ಎಂದು ಸುಪ್ರೀಂ ಕೋರ್ಟ್ 1973ರಲ್ಲೇ ಪೂರಣ್ ಮಲ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ನನ್ನ ಸಲಹೆ, ಮೊದಲು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಜಪ್ತಾದ ವಸ್ತು ವಾಪಸ್ ಕೇಳಿ. ವಾರಂಟನ್ನೇ ರದ್ದು ಮಾಡಿಸಬೇಕೆಂದರೆ ಹೈಕೋರ್ಟು. ಮೈಸೂರು, ಮಂಡ್ಯದವರಿಗೆ ಅದು ಬೆಂಗಳೂರು. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ, ಸಹಾಯವಾಣಿ 15100. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ವಕೀಲರು ಉಚಿತ.