ಮನೆಗೆ ಎರಡನೇ ವೈಫೈ: ಟೋರ್ ಗೇಟ್‌ವೇ ಕಟ್ಟಿದ ನನ್ನ ಅನುಭವ

ನಮ್ಮ ಮನೆಯ ಇಂಟರ್ನೆಟ್‌ಗೆ ಸ್ಟ್ಯಾಟಿಕ್ ಐಪಿ, ಅಂದರೆ ಎಂದೂ ಬದಲಾಗದ ಇಂಟರ್ನೆಟ್ ವಿಳಾಸ, ಇದೆ. ಊರಿಗೆ ಹೋದಾಗ ಮನೆಯ ಕ್ಯಾಮೆರಾ ನೋಡಲು ಬೇಕು ಅಂತ ಜಾಸ್ತಿ ದುಡ್ಡು ಕೊಟ್ಟು ಹಾಕಿಸಿಕೊಂಡಿದ್ದು. ಅದರ ಜೊತೆಗೇ ಒಂದು ತೊಂದರೆಯೂ ಬಂತು. ನಾವು ಯಾವ ವೆಬ್‌ಸೈಟಿಗೆ ಹೋದರೂ ಅಲ್ಲಿ ದಾಖಲಾಗುವುದು ಅದೇ ನಂಬರು. ಇವತ್ತೂ ಅದೇ, ಮುಂದಿನ ವರ್ಷವೂ ಅದೇ. ನನ್ನ ಹೆಂಡತಿ ವಕೀಲೆ. ಎದುರು ಪಾರ್ಟಿಯ ಕಂಪನಿ ಸೈಟನ್ನು ಅವಳು ರಾತ್ರಿ ಕೂತು ಒಂದೊಂದೇ ಪುಟ ನೋಡಿದರೆ ಅವರ ಸರ್ವರ್ ಲಾಗ್‌ನಲ್ಲಿ ಎಲ್ಲ ಸಾಲಾಗಿ ಉಳಿಯುತ್ತದೆ. ಅದೇ ನಂಬರಿನಿಂದ ಯಾವತ್ತೋ ಅವರ ಸೈಟಿನಲ್ಲಿ ಒಂದು ಫಾರ್ಮ್ ತುಂಬಿದ್ದರೆ ಹೆಸರೂ ಸಿಕ್ಕಿಬಿಡುತ್ತದೆ. ಈ ವಿಳಾಸವನ್ನು ಬಚ್ಚಿಡುವ ಟೋರ್ ಅನ್ನುವ ಜಾಲದ ಮೂಲಕ ಮಾತ್ರ ಹೋಗುವ ಎರಡನೇ ವೈಫೈ ಕಟ್ಟಿದ್ದು ಇದಕ್ಕೇ.

ಸ್ಟ್ಯಾಟಿಕ್ ಐಪಿ ಇಲ್ಲದವರು ಬಚಾವ್ ಅಲ್ವಾ? ಅರ್ಧ ಮಾತ್ರ. ನಮ್ಮಲ್ಲಿ ಎಷ್ಟೋ ಇಂಟರ್ನೆಟ್ ಕಂಪನಿಗಳು ಒಂದೇ ಐಪಿಯನ್ನು ಬಹಳ ಮನೆಗಳಿಗೆ ಹಂಚುತ್ತವೆ. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ಹಾಗಾಗಿ ವೆಬ್‌ಸೈಟಿಗೆ ನಿಮ್ಮ ಗುರುತು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಆದರೆ ಯಾವ ಮನೆ ಯಾವ ಹೊತ್ತಿಗೆ ಎಲ್ಲಿಗೆ ಹೋಯಿತು ಅನ್ನುವ ದಾಖಲೆ ಆ ಕಂಪನಿಯ ಹತ್ತಿರ ಇರುತ್ತದೆ. ಅದನ್ನು ಕನಿಷ್ಠ 2 ವರ್ಷ ಇಟ್ಟುಕೊಳ್ಳಬೇಕು ಅಂತ ದೂರಸಂಪರ್ಕ ಇಲಾಖೆ 2021ರ ಡಿಸೆಂಬರ್‌ನಲ್ಲಿ ಲೈಸೆನ್ಸ್ ನಿಯಮವನ್ನೇ ತಿದ್ದಿತು.

ವಿಪಿಎನ್ (ನಮ್ಮ ಸಂಪರ್ಕವನ್ನು ಒಂದು ಕಂಪನಿಯ ಸರ್ವರ್ ಮೂಲಕ ಸುತ್ತಿಸುವ ಸೇವೆ) ಸಾಕಲ್ಲ ಅಂತ ಗೆಳೆಯರು ಕೇಳಿದರು. ನಾನೂ ಕೆಲವು ಕಾಲ ಅದನ್ನೇ ಬಳಸಿದ್ದೇನೆ. ಆದರೆ ವಿಪಿಎನ್ ಅಂದರೆ ನಂಬಿಕೆಯನ್ನು ಒಂದು ಕಂಪನಿಯಿಂದ ತೆಗೆದು ಇನ್ನೊಂದು ಕಂಪನಿಯ ಮೇಲೆ ಇಡುವುದು, ಅಷ್ಟೇ. ನಾವು ಯಾರು, ಎಲ್ಲಿಗೆ ಹೋಗುತ್ತೇವೆ, ಎರಡೂ ಅವರಿಗೆ ಗೊತ್ತಿರುತ್ತದೆ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ಆದೇಶದ ಪ್ರಕಾರ ವಿಪಿಎನ್ ಕೊಡುವವರು ಗ್ರಾಹಕರ ಹೆಸರು, ವಿಳಾಸ, ಕೊಟ್ಟ ಐಪಿ ಎಲ್ಲವನ್ನೂ 5 ವರ್ಷ ಇಟ್ಟುಕೊಳ್ಳಬೇಕು. ಅದಾದ ಮೇಲೆ ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್, ಸರ್ಫ್‌ಶಾರ್ಕ್ ಮುಂತಾದವರು ಭಾರತದಲ್ಲಿದ್ದ ಸರ್ವರ್‌ಗಳನ್ನೇ ಎತ್ತಿಕೊಂಡು ಹೋದರು.

ಟೋರ್‌ನ ಲೆಕ್ಕ ಬೇರೆ. 1990ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಹುಟ್ಟಿದ ಯೋಚನೆ ಇದು. ಈಗ ಜಗತ್ತಿನಾದ್ಯಂತ ಸ್ವಯಂಸೇವಕರು ಓಡಿಸುವ ಸಾವಿರಾರು ರಿಲೇಗಳ, ಅಂದರೆ ಮಾತನ್ನು ಮುಂದಕ್ಕೆ ದಾಟಿಸುವ ಕಂಪ್ಯೂಟರ್‌ಗಳ, ಜಾಲ. ನಮ್ಮ ಮಾತು ಮೂರು ರಿಲೇ ದಾಟಿ ಹೋಗುತ್ತದೆ. ಮೊದಲನೆಯದಕ್ಕೆ ನಾವು ಯಾರೆಂದು ಗೊತ್ತು, ಎಲ್ಲಿಗೆ ಹೋಗುತ್ತಿದ್ದೇವೆ ಗೊತ್ತಿಲ್ಲ. ಕೊನೆಯದಕ್ಕೆ ಎಲ್ಲಿಗೆ ಅಂತ ಗೊತ್ತು, ಯಾರು ಅಂತ ಗೊತ್ತಿಲ್ಲ. ನಡುವಿನದಕ್ಕೆ ಎರಡೂ ಗೊತ್ತಿಲ್ಲ.

ಇದೆಲ್ಲ ಕಳ್ಳರ ಕೆಲಸ ಅನ್ನುವವರು ಇದ್ದೇ ಇರುತ್ತಾರೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸಿಗೆ ಯಾರ ಹೆಸರಿದೆಯೋ ಅವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಮ್ಮ ಮನೆಯಲ್ಲಿ ಈ ವಾದ ಅಲ್ಲಿಗೇ ಮುಗಿಯಿತು.

ಇಡೀ ಮನೆಯನ್ನೇ ಟೋರ್ ಮೂಲಕ ಕಳಿಸಬಹುದು. ತಾಂತ್ರಿಕವಾಗಿ ಅದೇ ಸುಲಭ. ಆದರೂ ನಾನು ಹಾಗೆ ಮಾಡಲಿಲ್ಲ, ನೀವೂ ಮಾಡಬೇಡಿ. ಟೋರ್‌ನಿಂದ ಹೊರಬಂದಾಗ ನಮ್ಮ ವಿಳಾಸ ಜರ್ಮನಿಯದ್ದೋ ನೆದರ್‌ಲ್ಯಾಂಡ್ಸ್‌ದ್ದೋ ಆಗಿರುತ್ತದೆ. ಅಲ್ಲಿಂದ ನೆಟ್‌ಬ್ಯಾಂಕಿಂಗ್‌ಗೆ ಲಾಗಿನ್ ಆದರೆ ಬ್ಯಾಂಕಿನವರು ಖಾತೆ ಲಾಕ್ ಮಾಡಿದರೂ ಆಶ್ಚರ್ಯವಿಲ್ಲ. ಎಷ್ಟೋ ಸರ್ಕಾರಿ ಸೈಟ್‌ಗಳು ಹೊರದೇಶದ ಐಪಿಗೆ ತೆರೆಯುವುದೇ ಇಲ್ಲ. ಅಮ್ಮನ ಧಾರಾವಾಹಿ ನಡುವೆ ನಿಂತರೆ ನನಗೆ ಊಟ ಸಿಗುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಅಮ್ಮನ ಫೋನು ಹೇಗೂ ಅವರ ಹೆಸರಿನ ಗೂಗಲ್ ಖಾತೆಯಲ್ಲಿ, ಅವರ ನಂಬರಿನ ವಾಟ್ಸಾಪ್‌ನಲ್ಲಿ ಲಾಗಿನ್ ಆಗಿಯೇ ಇದೆ. ಅದನ್ನು ಟೋರ್‌ನಲ್ಲಿ ಕಳಿಸಿ ಬಚ್ಚಿಡುವುದೇನು? ಟೋರ್ ಬಚ್ಚಿಡುವುದು ವಿಳಾಸವನ್ನು, ಆಳನ್ನಲ್ಲ.

ಬೆಂಗಳೂರಿನ ಮನೆಗಳಲ್ಲಿ ಕಾವೇರಿ ನೀರಿಗೊಂದು ನಲ್ಲಿ, ಬೋರ್‌ವೆಲ್ ನೀರಿಗೊಂದು ನಲ್ಲಿ ಇರುತ್ತದಲ್ಲ, ಹಾಗೆ ಎರಡು ವೈಫೈ ಇಟ್ಟೆ. ಮಾಮೂಲಿ ವೈಫೈ ಇದ್ದ ಹಾಗೇ ಇದೆ. ಎರಡನೆಯದಕ್ಕೆ ಸೇರಿದ ಸಾಧನ ಏನೇ ಮಾಡಿದರೂ ಟೋರ್ ಮೂಲಕವೇ ಹೋಗಬೇಕು, ಇಲ್ಲದಿದ್ದರೆ ಹೋಗಲೇಬಾರದು.

ಸಾಮಾನು ಜಾಸ್ತಿ ಬೇಕಿಲ್ಲ. ಒಂದು ರಾಸ್ಪ್‌ಬೆರಿ ಪೈ 4 (ಅಂಗೈಯಗಲದ ಪುಟ್ಟ ಕಂಪ್ಯೂಟರ್), ಒಂದು ಯುಎಸ್‌ಬಿ ಈಥರ್ನೆಟ್ ಅಡಾಪ್ಟರ್, ಅಟ್ಟದ ಮೇಲೆ ಬಿದ್ದಿದ್ದ ಹಳೆಯ ವೈಫೈ ರೂಟರ್. ಪೈನ ಸ್ವಂತ ಈಥರ್ನೆಟ್ ಪೋರ್ಟ್ ಮನೆಯ ಮುಖ್ಯ ರೂಟರಿಗೆ. ಯುಎಸ್‌ಬಿ ಅಡಾಪ್ಟರ್ ಹಳೆಯ ರೂಟರಿಗೆ. ಹಳೆಯ ರೂಟರನ್ನು ವೈಫೈ ಹರಡುವುದಷ್ಟೇ ಮಾಡುವ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಸಾಧನಗಳಿಗೆ ಐಪಿ ಹಂಚುವ ಅದರ ಡಿಎಚ್‌ಸಿಪಿಯನ್ನು ಆಫ್ ಮಾಡಿದೆ. ಪೈನ ಒಳಗೇ ವೈಫೈ ಇದೆ, ಅದನ್ನೂ ಬಳಸಬಹುದು. ಆದರೆ ಒಂದು ಗೋಡೆ ದಾಟಿದರೆ ಸೊರಗುತ್ತದೆ. ಹಳೆಯ ರೂಟರಿನ ತಂತಿ ಪೈಗೆ ಮಾತ್ರ ಹೋಗಬೇಕು ಅನ್ನುವುದನ್ನು ನೆನಪಿಡಿ. ಗೊತ್ತಿಲ್ಲದೆ ಅದರ ಇನ್ನೊಂದು ಪೋರ್ಟ್ ಮುಖ್ಯ ರೂಟರಿಗೂ ಸಿಕ್ಕಿಸಿದರೆ ಐಪಿವಿ6 (ಹೊಸ ಬಗೆಯ ಐಪಿ) ವಿಳಾಸ ಆ ಕಡೆಯಿಂದ ನುಸುಳಿ ಬರುತ್ತದೆ. ಟೋರ್ ಪಕ್ಕದಲ್ಲೇ ಕೂತಿರುತ್ತದೆ, ಮಾತು ನೇರ ಆಚೆ ಹೋಗುತ್ತಿರುತ್ತದೆ.

ಪೈನಲ್ಲಿ ಡಿಎನ್‌ಎಸ್‌ಮಾಸ್ಕ್ ಅನ್ನುವ ಪ್ರೋಗ್ರಾಂ ಹಾಕಿ ಡಿಎಚ್‌ಸಿಪಿ ಕೆಲಸ ಮಾತ್ರ ಕೊಟ್ಟೆ. ಟೋರ್‌ನ ಕಾನ್ಫಿಗ್ ಫೈಲಿನಲ್ಲಿ ಸೇರಿಸಿದ್ದು ಕೆಲವೇ ಸಾಲು. ಒಳಗಿನ ವಿಳಾಸ 192.168.42.1ರ ಮೇಲೆ ಬಂದ ಸಂಪರ್ಕವನ್ನು ಟೋರ್‌ಗೆ ಹಾಕುವ ಟ್ರಾನ್ಸ್ ಪೋರ್ಟ್ 9040, ಸೈಟಿನ ಹೆಸರಿಗೆ ಐಪಿ ಹುಡುಕುವ ಡಿಎನ್‌ಎಸ್ ಪೋರ್ಟ್ 5353, ಪ್ರೋಗ್ರಾಂಗಳು ತಾವೇ ಕೇಳಿ ಬಳಸುವ ಸಾಕ್ಸ್ ಪೋರ್ಟ್ 9050. ಟೋರ್ ಒಳಗೆ ಮಾತ್ರ ಇರುವ ಡಾಟ್ ಆನಿಯನ್ ವಿಳಾಸಗಳಿಗೆ ಸುಳ್ಳು ಐಪಿ ಕೊಡಲು 10.192.0.0/10 ಅನ್ನುವ ವ್ಯಾಪ್ತಿ.

ಫೈರ್‌ವಾಲ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಸುರಕ್ಷತೆ ನಿಂತಿರುವುದೇ ಅಲ್ಲಿ. ಎಷ್ಟೋ ಜನ ಪೈಯನ್ನು ಮೊದಲು ಮಾಮೂಲಿ ರೂಟರ್ ಮಾಡುತ್ತಾರೆ, ಅಂದರೆ ಒಂದು ಕಡೆ ಬಂದ ಪ್ಯಾಕೆಟನ್ನು ಇನ್ನೊಂದು ಕಡೆಗೆ ದಾಟಿಸುವ ಐಪಿ ಫಾರ್ವರ್ಡಿಂಗ್ ಆನ್ ಮಾಡುತ್ತಾರೆ. ಆಮೇಲೆ ಟೋರ್‌ಗೆ ತಿರುಗಿಸುವ ನಿಯಮ ಸೇರಿಸುತ್ತಾರೆ. ಇದರಲ್ಲಿ ಒಂದು ಅಪಾಯ ಇದೆ. ಬೂಟ್ ಆಗುವಾಗ ಆ ನಿಯಮಗಳು ಲೋಡ್ ಆಗದಿದ್ದರೆ ಎಲ್ಲವೂ ನಮ್ಮ ಸ್ವಂತ ಐಪಿಯಿಂದ ಆರಾಮಾಗಿ ಹೋಗುತ್ತದೆ. ನೆಟ್ ಚೆನ್ನಾಗೇ ನಡೆಯುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ನಾನು ಫಾರ್ವರ್ಡಿಂಗನ್ನು ಸೊನ್ನೆಯಲ್ಲೇ, ಅಂದರೆ ಆಫ್ ಆಗಿಯೇ, ಬಿಟ್ಟೆ. ಟೋರ್‌ಗೆ ತಿರುಗಿಸಿದ ಪ್ಯಾಕೆಟ್‌ಗಳು ಪೈನಲ್ಲೇ ಇಳಿಯುತ್ತವೆ, ಅವಕ್ಕೆ ಫಾರ್ವರ್ಡಿಂಗ್ ಬೇಕಾಗಿಯೇ ಇಲ್ಲ. ಬೇರೆ ಪ್ಯಾಕೆಟ್‌ಗಳಿಗೆ ದಾರಿಯೇ ಇಲ್ಲ. ಟೋರ್ ಸತ್ತರೆ ಎರಡನೇ ವೈಫೈ ಕೂಡ ಸಾಯುತ್ತದೆ. ಹಾಗೇ ಆಗಬೇಕು. ನನ್ನ ಪ್ರಕಾರ ಈ ಕೆಲಸದಲ್ಲಿ ಮಾಡಬೇಕಾದ ಅತಿ ಮುಖ್ಯ ತೀರ್ಮಾನ ಇದೊಂದೇ, ಉಳಿದದ್ದೆಲ್ಲ ವಿವರ.

ಲಿನಕ್ಸ್‌ನ ಫೈರ್‌ವಾಲ್ ಎನ್‌ಎಫ್‌ಟೇಬಲ್ಸ್‌ನಲ್ಲಿ ಬರೆದ ನಿಯಮಗಳು ಇಷ್ಟೇ: ಒಳಗಿನಿಂದ ಪೈನ ವಿಳಾಸಕ್ಕೇ ಬಂದದ್ದನ್ನು ಮುಟ್ಟಬೇಡ, ಆದರೆ 53ನೇ ಪೋರ್ಟಿನ ಡಿಎನ್‌ಎಸ್ ಪ್ರಶ್ನೆ ಯಾರನ್ನು ಕೇಳಿದ್ದಾದರೂ 5353ಕ್ಕೆ ತಿರುಗಿಸು, ಮಿಕ್ಕ ಟಿಸಿಪಿ ಎಲ್ಲ 9040ಕ್ಕೆ. ಟಿಸಿಪಿ, ಯುಡಿಪಿ ಅನ್ನುವುದು ಇಂಟರ್ನೆಟ್‌ನಲ್ಲಿ ಮಾತು ಸಾಗಿಸುವ ಎರಡು ವಿಧಾನ, ಯುಡಿಪಿ ಟೋರ್‌ನಲ್ಲಿ ಹೋಗುವುದಿಲ್ಲ. ವಿಡಿಯೋ ಕಾಲ್ ಮತ್ತು ಆನ್‌ಲೈನ್ ಆಟ ಬಹುತೇಕ ಆಡುವುದು ಯುಡಿಪಿಯಲ್ಲೇ, ಅದನ್ನು ಮರೆತುಬಿಡಿ. ಬ್ರೌಸರ್‌ಗಳೂ ಈಗ ಮೊದಲು ಕ್ವಿಕ್ ಅನ್ನುವ ಯುಡಿಪಿ ದಾರಿ ನೋಡಿ, ಆಗದಿದ್ದರೆ ಟಿಸಿಪಿಗೆ ಬರುತ್ತವೆ. ಯುಡಿಪಿಯನ್ನು ಸುಮ್ನೆ ನುಂಗಿಬಿಟ್ಟರೆ ಅವು ಕಾಯುತ್ತಾ ಕೂರುತ್ತವೆ. ಇಲ್ಲ ಅಂತ ಮುಖಕ್ಕೆ ಹೇಳುವ ರಿಜೆಕ್ಟ್ ಹಾಕಿದರೆ ಬೇಗ ಟಿಸಿಪಿ ಹಿಡಿಯುತ್ತವೆ.

ಕರೆಂಟ್ ಹೋಗಿ ಬಂದಾಗಿನ ಕಥೆ ನಮ್ಮ ದೇಶದವರಿಗೆ ವಿಶೇಷವಾಗಿ ಬೇಕು. ಪೈ 4ರಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಆರಿ ಹೊತ್ತಿಕೊಂಡರೆ ಅದಕ್ಕೆ ಹಳೆಯ ಹೊತ್ತೇ ನೆನಪು. ಟೋರ್ ಬಳಸುವ ರಿಲೇಗಳ ಪಟ್ಟಿಗೆ ಹೊತ್ತಿನ ಮುದ್ರೆ ಇರುತ್ತದೆ, 3 ಗಂಟೆಯೊಳಗೆ ಅದರ ಅವಧಿ ಮುಗಿಯುತ್ತದೆ. ಗಡಿಯಾರ ಬಹಳ ತಪ್ಪಿದ್ದರೆ ಟೋರ್ ಜಾಲಕ್ಕೆ ಸೇರುವುದೇ ಇಲ್ಲ. ಅದಕ್ಕೆ ಪೈನಲ್ಲಿ ನೆಟ್‌ನಿಂದ ಹೊತ್ತು ಸರಿಮಾಡುವ ಕ್ರೋನಿ ಅನ್ನುವ ಪ್ರೋಗ್ರಾಂ ಹಾಕಿ, ಟೈಮ್ ಸರಿಯಾದ ಮೇಲೇ ಟೋರ್ ಏಳುವ ಹಾಗೆ ಮಾಡಿದೆ. ಒಳಗಿನ ಸಾಧನಗಳಿಗೂ ಟೈಮ್ ಕೊಡುವುದು ಇದೇ ಕ್ರೋನಿ, ಯಾಕೆಂದರೆ ಟೈಮ್ ಕೇಳುವ ಎನ್‌ಟಿಪಿಯೂ ಯುಡಿಪಿ. ಅದಕ್ಕಾಗಿ 123ನೇ ಪೋರ್ಟನ್ನೂ ಪೈಗೇ ತಿರುಗಿಸಿದ್ದೇನೆ.

ಪದೇ ಪದೇ ಕರೆಂಟ್ ಹೋದರೆ ಮೆಮೊರಿ ಕಾರ್ಡ್ ಕೂಡ ಹಾಳಾಗುತ್ತದೆ. ಇದಕ್ಕೆ ಸಾಮಾನ್ಯವಾಗಿ ಹೇಳುವ ಮದ್ದು ಕಾರ್ಡನ್ನು ಓದಲು ಮಾತ್ರ ಆಗುವ ಹಾಗೆ ಮಾಡಿಬಿಡುವುದು. ಟೋರ್ ವಿಷಯದಲ್ಲಿ ಇಲ್ಲಿ ಒಂದು ಎಚ್ಚರ ಬೇಕು. ಮೊದಲ ರಿಲೇಯನ್ನು, ಅಂದರೆ ಗಾರ್ಡನ್ನು, ಟೋರ್ ತಿಂಗಳುಗಟ್ಟಲೆ ಬದಲಿಸುವುದಿಲ್ಲ. ದಿನಾ ಹೊಸ ಗಾರ್ಡ್ ಹಿಡಿದರೆ ಯಾವತ್ತಾದರೂ ಒಬ್ಬ ಕೆಟ್ಟವನ ಕೈಗೆ ಸಿಗುವ ಸಾಧ್ಯತೆ ಏರುತ್ತಾ ಹೋಗುತ್ತದೆ ಅನ್ನುವುದು ಅದರ ಲೆಕ್ಕ. ಕಾರ್ಡ್ ಬರೆಯಲಾಗದಂತೆ ಮಾಡಿದರೆ ಆ ನೆನಪು ಪ್ರತಿ ಬೂಟ್‌ಗೂ ಅಳಿಸಿಹೋಗುತ್ತದೆ. ಹಾಗಾಗಿ ಟೋರ್‌ನ ಡೇಟಾ ಫೋಲ್ಡರನ್ನು ಬೇರೆ ಪೆನ್‌ಡ್ರೈವ್‌ನಲ್ಲಿ ಇಟ್ಟೆ. ಕಾರ್ಡ್ ಸುರಕ್ಷಿತ, ಗಾರ್ಡ್ ಕೂಡ ಸ್ಥಿರ.

ಕಟ್ಟಿದ್ದು ಸರಿಯಾಗಿದೆಯೇ ಅಂತ ನೋಡಲು ಟೋರ್ ಪ್ರಾಜೆಕ್ಟ್‌ನವರದೇ ಪರೀಕ್ಷಾ ಪುಟ ಇದೆ. ಎರಡನೇ ವೈಫೈನಿಂದ ಮಾಮೂಲಿ ಫೈರ್‌ಫಾಕ್ಸ್‌ನಲ್ಲಿ ತೆರೆದರೆ, ನೀವು ಟೋರ್ ಮೂಲಕ ಬಂದಿದ್ದೀರಿ, ಆದರೆ ಇದು ಟೋರ್ ಬ್ರೌಸರ್ ಹಾಗೆ ಕಾಣುತ್ತಿಲ್ಲ ಅನ್ನುತ್ತದೆ. ಆ ಎರಡನೇ ಮಾತಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ನಾನು ಹೆಚ್ಚು ನಂಬುವುದು ಬೇರೆ ಪರೀಕ್ಷೆಯನ್ನು. ಪೈನ ಹೊರಗಿನ ಪೋರ್ಟಿನಲ್ಲಿ ಹಾದುಹೋಗುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಓಡಿಸಿ, ಒಳಗಿನ ಲ್ಯಾಪ್‌ಟಾಪಿನಲ್ಲಿ ಸಿಕ್ಕಿದ್ದೆಲ್ಲ ತೆರೆದೆ. ಆಚೆ ಕಾಣಬೇಕಾದದ್ದು ಗಾರ್ಡ್ ರಿಲೇಯ ಐಪಿ, ಟೈಮ್ ಸರ್ವರ್, ಪೈ ತಾನೇ ಅಪ್‌ಡೇಟ್ ಕೇಳಿದ್ದು, ಇಷ್ಟೇ. ಬೇರೆ ಏನಾದರೂ ಕಂಡರೆ ಸೋರಿಕೆಯ ಅನುಮಾನ ಪಡಬೇಕು. ಫೋನ್ ಸೇರಿಸುವಾಗ ಮೊಬೈಲ್ ಡೇಟಾ ಆಫ್ ಮಾಡಿ. ಆಂಡ್ರಾಯ್ಡ್ ಆಗಾಗ ನೆಟ್ ಇದೆಯಾ ಅಂತ ತಾನೇ ಪರೀಕ್ಷೆ ಮಾಡುತ್ತದೆ. ಟೋರ್ ನಿಧಾನವಾದರೆ ಈ ವೈಫೈನಲ್ಲಿ ನೆಟ್ ಇಲ್ಲ ಅಂದುಕೊಂಡು ಸದ್ದಿಲ್ಲದೆ ಡೇಟಾಗೆ ಹಾರುತ್ತದೆ.

ಈಗ ಆ ಎರಡನೇ ಮಾತು. ಮಾಮೂಲಿ ಬ್ರೌಸರ್‌ನಲ್ಲಿ ಕುಕೀಗಳಿವೆ, ಲಾಗಿನ್‌ಗಳಿವೆ. ಪರದೆಯ ಅಳತೆ, ಫಾಂಟ್‌ಗಳು, ಗ್ರಾಫಿಕ್ಸ್ ಚಿಪ್ ಎಲ್ಲ ಸೇರಿಸಿದರೆ ಒಂದು ಬೆರಳಚ್ಚೇ ಆಗುತ್ತದೆ. ಐಪಿ ಬದಲಾದರೂ ಬೆರಳಚ್ಚು ಬದಲಾಗುವುದಿಲ್ಲ. ಟೋರ್ ಬ್ರೌಸರ್ ಈ ವಿಷಯದಲ್ಲಿ ಎಲ್ಲರೂ ಒಂದೇ ಥರ ಕಾಣುವ ಹಾಗೆ ನೋಡಿಕೊಳ್ಳುತ್ತದೆ. ಅಂದ ಮೇಲೆ ಮಾಮೂಲಿ ವೈಫೈನಲ್ಲಿ ಟೋರ್ ಬ್ರೌಸರ್ ಒಂದೇ ಸಾಕಲ್ವಾ? ಬಹಳ ಜನರಿಗೆ ಸಾಕು. ಇಷ್ಟು ಉದ್ದ ಓದಿದವರಿಗೆ ಬೇಜಾರಾಗಬಹುದು, ಆದರೂ ಅದೇ ನಿಜ.

ನಮಗೆ ಯಾಕೆ ಸಾಲಲಿಲ್ಲ ಅಂದರೆ, ಕೆಲಸ ಬ್ರೌಸರ್‌ನ ಒಳಗೇ ಮುಗಿಯುವುದಿಲ್ಲ. ಹೆಂಡತಿ ಒಂದು ವರ್ಡ್ ಫೈಲ್ ಇಳಿಸಿಕೊಳ್ಳುತ್ತಾಳೆ. ಅದರೊಳಗೆ ಸರ್ವರ್‌ನಿಂದ ತರಿಸಿಕೊಳ್ಳುವ ಒಂದು ಚಿತ್ರ ಇದ್ದರೆ ಫೈಲ್ ತೆರೆದ ಕ್ಷಣ ವರ್ಡ್ ನೇರವಾಗಿ ಅಲ್ಲಿಗೆ ಹೋಗಬಹುದು. ಪಿಡಿಎಫ್‌ನಲ್ಲಿ ಒಂದು ಲಿಂಕ್ ಒತ್ತಿದರೆ ತೆರೆದುಕೊಳ್ಳುವುದು ಮಾಮೂಲಿ ಬ್ರೌಸರ್. ಅಲ್ಲಿಗೆ ನಮ್ಮ ಸ್ಟ್ಯಾಟಿಕ್ ಐಪಿ ಮತ್ತೆ ಅವರ ಲಾಗ್‌ಗೆ ಬಿತ್ತು. ಎರಡನೇ ವೈಫೈ ಇರುವುದು ಇಂಥ ಕೈತಪ್ಪುಗಳಿಗೆ. ಆ ಕೆಲಸಕ್ಕೆ ಬೇರೆಯೇ ಒಂದು ಹಳೆಯ ಲ್ಯಾಪ್‌ಟಾಪ್ ಇಟ್ಟಿದ್ದೇವೆ. ಅದಕ್ಕೆ ಮಾಮೂಲಿ ವೈಫೈನ ಪಾಸ್‌ವರ್ಡೇ ಗೊತ್ತಿಲ್ಲ.

ಆ ಲ್ಯಾಪ್‌ಟಾಪಿನಲ್ಲೂ ಟೋರ್ ಬ್ರೌಸರ್ ಬೇಕು. ಆದರೆ ಸುಮ್ನೆ ಹಾಕಿಕೊಂಡರೆ ಟೋರ್ ಒಳಗೆ ಟೋರ್ ಆಗುತ್ತದೆ. ಮೂರರ ಬದಲು ಆರು ರಿಲೇ. ಭದ್ರತೆ ಹೆಚ್ಚುತ್ತದೆ ಅಂದುಕೊಳ್ಳಬೇಡಿ, ಟೋರ್ ಪ್ರಾಜೆಕ್ಟ್‌ನವರೇ ಹೀಗೆ ಮಾಡಬೇಡಿ ಅನ್ನುತ್ತಾರೆ. ಮೇಲೆ ಹೇಳಿದ ಸಾಕ್ಸ್ ಪೋರ್ಟ್ 9050 ಇದಕ್ಕೇ ಇಟ್ಟಿದ್ದು. ಟೋರ್ ಬ್ರೌಸರ್ ತನ್ನದೇ ಟೋರ್ ಎಬ್ಬಿಸದೆ ಪೈನಲ್ಲಿರುವುದನ್ನೇ ಬಳಸುವ ಹಾಗೆ ಎನ್ವಿರಾನ್ಮೆಂಟ್ ವೇರಿಯಬಲ್‌ಗಳಲ್ಲಿ (ಪ್ರೋಗ್ರಾಂ ಶುರುವಾಗುವಾಗ ಓದುವ ಸೆಟ್ಟಿಂಗ್‌ಗಳಲ್ಲಿ) ಹೇಳಿಟ್ಟೆ. ಸಾಕ್ಸ್ ಮೂಲಕ ಹೋದರೆ ಪ್ರತಿ ಸೈಟಿಗೂ ಬೇರೆ ಸರ್ಕ್ಯೂಟ್ (ಮೂರು ರಿಲೇಗಳ ದಾರಿ) ಸಿಗುವ ಅನುಕೂಲವೂ ಉಳಿಯುತ್ತದೆ.

ವೇಗದ ಬಗ್ಗೆ: ಮನೆಗೆ ಬರುವುದು 100 ಎಂಬಿಪಿಎಸ್. ಟೋರ್‌ನಲ್ಲಿ ನನಗೆ ಸಿಗುವುದು ಸಾಮಾನ್ಯವಾಗಿ 5ರಿಂದ 15. ಓದಲು, ಹುಡುಕಲು ಸಾಕು. ಹುಡುಕುವಾಗ ಗೂಗಲ್ ಮನುಷ್ಯ ಹೌದಾ ಅಂತ ಚಿತ್ರ ತೋರಿಸಿ ತಲೆ ತಿನ್ನುತ್ತದೆ, ಅದಕ್ಕೆ ಡಕ್‌ಡಕ್‌ಗೋ ಬಳಸುತ್ತೇವೆ. ಟೊರೆಂಟ್ ಹಾಕಬೇಡಿ. ಜಾಲಕ್ಕೆ ಭಾರ, ಮೇಲಾಗಿ ಎಷ್ಟೋ ಟೊರೆಂಟ್ ಪ್ರೋಗ್ರಾಂಗಳು ನಿಮ್ಮ ನಿಜವಾದ ಐಪಿಯನ್ನು ಸಂದೇಶದ ಒಳಗೇ ಬರೆದು ಕಳಿಸುತ್ತವೆ.

ನೀವು ಟೋರ್ ಬಳಸುತ್ತಿದ್ದೀರಿ ಅನ್ನುವುದು ಇಂಟರ್ನೆಟ್ ಕಂಪನಿಗೆ ಕಾಣುತ್ತದೆ. ಏನು ನೋಡುತ್ತಿದ್ದೀರಿ ಅನ್ನುವುದು ಮಾತ್ರ ಕಾಣುವುದಿಲ್ಲ. ಅಷ್ಟೂ ಕಾಣಬಾರದು ಅಂದರೆ ಟೋರ್ ಅಂತ ಗೊತ್ತಾಗದ ಹಾಗೆ ವೇಷ ಮರೆಸುವ ಓಬಿಎಫ್‌ಎಸ್4 ಬ್ರಿಡ್ಜ್ ಹಾಕಿಕೊಳ್ಳಬಹುದು, ನಮಗೆ ಬೇಕೆನಿಸಲಿಲ್ಲ. ಮತ್ತೆ, ಟೋರ್ ಇಷ್ಟವಾಯಿತು ಅಂತ ಉತ್ಸಾಹದಲ್ಲಿ ಇದೇ ಪೈಯನ್ನು ಎಕ್ಸಿಟ್ ರಿಲೇ, ಅಂದರೆ ಮೂರರಲ್ಲಿ ಕೊನೆಯದು, ಮಾಡಬೇಡಿ. ಪರದೇಶದ ಯಾರೋ ಮಾಡಿದ ಕಿತಾಪತಿಗೆ ನಿಮ್ಮ ಮನೆಯ ಐಪಿ ಕಾಣುತ್ತದೆ, ಬಾಗಿಲು ತಟ್ಟುವುದು ನಿಮ್ಮ ಏರಿಯಾ ಸ್ಟೇಷನ್ನಿನವರು. ಜಾಲಕ್ಕೆ ಸಹಾಯ ಮಾಡಲೇಬೇಕು ಅಂದರೆ ಬ್ರೌಸರ್‌ಗೆ ಸ್ನೋಫ್ಲೇಕ್ ಎಕ್ಸ್‌ಟೆನ್ಷನ್ ಹಾಕಿ. ಟೋರ್ ತಡೆದಿರುವ ದೇಶಗಳ ಜನ ಅದರ ಮೂಲಕ ಒಳಗೆ ಬರುತ್ತಾರೆ, ಹೊರಹೋಗುವ ಬಾಗಿಲು ಮಾತ್ರ ನಿಮ್ಮದಾಗಿರುವುದಿಲ್ಲ.