ಕ್ರೂಸರ್ ನನ್ನ ಕೆಲಸದ ಗಾಡಿಯೂ ಮಲಗುವ ಜಾಗವೂ ಆದ ಬಗೆ

ನಾನು ಅಂತರ್ಜಲ ಸಮೀಕ್ಷೆ ಮಾಡುವವನು. ಜನರ ಮಾತಿನಲ್ಲಿ, ಬೋರ್‌ವೆಲ್ಲಿಗೆ ಪಾಯಿಂಟ್ ಹಾಕುವವನು. ನೆಲಕ್ಕೆ ಉಕ್ಕಿನ ಸರಳುಗಳನ್ನು ನೆಟ್ಟು, ವಿದ್ಯುತ್ ಹರಿಸಿ, ಕೆಳಗಿನ ಪದರಗಳ ರೋಧಶೀಲತೆಯನ್ನು, ಅಂದರೆ ಅವು ವಿದ್ಯುತ್ತಿಗೆ ಒಡ್ಡುವ ತಡೆಯನ್ನು, ಅಳೆಯುವ ಈ ಕೆಲಸವು ರಾಯಚೂರು, ಯಾದಗಿರಿ, ಕೊಪ್ಪಳ ಜಿಲ್ಲೆಗಳಲ್ಲಿ ಬೇಸಿಗೆಯಲ್ಲೇ ಹೆಚ್ಚು. ಮಧ್ಯಾಹ್ನ 42 ಡಿಗ್ರಿ ದಾಟುವ ಆ ದಿನಗಳಲ್ಲಿ ಬೆಳಗಿನ ಜಾವ ಮತ್ತು ಇಳಿಹೊತ್ತು ಮಾತ್ರ ಕೆಲಸಕ್ಕೆ ಒದಗುತ್ತವೆ. ತಾಲ್ಲೂಕು ಕೇಂದ್ರದ ಲಾಡ್ಜಿನಿಂದ ಹೊರಟು ಹೊಲ ಮುಟ್ಟುವಷ್ಟರಲ್ಲಿ ಬಿಸಿಲು ಏರಿರುತ್ತದೆಯಾದ್ದರಿಂದ, ಹೊಲದ ಹತ್ತಿರವೇ ಮಲಗಲು ಮತ್ತು ಉಪಕರಣಗಳನ್ನು ಭದ್ರವಾಗಿಡಲು ಒಂದು ಗಾಡಿ ಬೇಕಾಯಿತು.

ಫೋರ್ಸ್ ಕಂಪನಿಯ ಟ್ರ್ಯಾಕ್ಸ್ ಕ್ರೂಸರ್ ನಮ್ಮ ಭಾಗದಲ್ಲಿ ಮದುವೆ ದಿಬ್ಬಣದಿಂದ ಸಂತೆಯವರೆಗೆ ಎಲ್ಲಕ್ಕೂ ಓಡುವ ಗಾಡಿ. ಅದೇ ಕಂಪನಿಯ ಗೂರ್ಖಾದಲ್ಲಿ ಫೋರ್‌ವೀಲ್ ಡ್ರೈವ್ ಉಂಟು, ಮುಂದಿನ ಹಿಂದಿನ ಎರಡೂ ಆಕ್ಸಲ್‌ಗಳಿಗೆ, ಎಡಬಲದ ಚಕ್ರಗಳನ್ನು ಒಂದೇ ವೇಗದಲ್ಲಿ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಉಂಟು; ನನ್ನ ಕ್ರೂಸರಿಗೆ ಎರಡೂ ಇಲ್ಲ, ಹಿಂದಿನ ಚಕ್ರಗಳು ಮಾತ್ರ ತಳ್ಳುತ್ತವೆ. ಆದರೂ ಕ್ರೂಸರನ್ನೇ ಆರಿಸಲು ಎರಡು ಕಾರಣಗಳಿದ್ದವು: ಆರು ಅಡಿಯ ಮನುಷ್ಯ ಕಾಲು ಚಾಚಿ ಮಲಗುವಷ್ಟು ಉದ್ದ, ಮತ್ತು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಲಿಂಗಸುಗೂರಿನಲ್ಲೂ ಸುರಪುರದಲ್ಲೂ ಸಿಗುತ್ತಾನೆಂಬ ಭರವಸೆ. ಕಂಪನಿಗೆ ಬಜಾಜ್ ಟೆಂಪೋ ಎಂಬ ಹೆಸರಿದ್ದ ಕಾಲದಲ್ಲಿ ಮರ್ಸಿಡಿಸ್ ಪರವಾನಗಿಯಿಂದ ಬಂದ ಡೀಸೆಲ್ ಎಂಜಿನ್ನಿನ ವಂಶವೇ ಇದರಲ್ಲಿ ಮುಂದುವರಿದಿರುವುದರಿಂದ, ಹಳೆಯ ಕೈಗಳಿಗೆ ಇದರ ಒಳಗುಟ್ಟು ಗೊತ್ತು. ಮಾರಾಟಕ್ಕೆ ಬರುವ ಕ್ರೂಸರುಗಳಲ್ಲಿ ಹೆಚ್ಚಿನವು ಹಳದಿ ಬೋರ್ಡಿನವು. ಅವನ್ನು ಬಿಳಿ ಬೋರ್ಡಿಗೆ ತರುವ ತೆರಿಗೆ, ಪರ್ಮಿಟ್ಟುಗಳ ಓಡಾಟ ಬೇಡವೆಂದು ಸ್ವಂತ ಬಳಕೆಗೆ ನೋಂದಾಯಿಸಿದ ಗಾಡಿಯೊಂದಕ್ಕಾಗಿ ಕಾದು ಕೊಂಡೆ.

ಕೆಲಸ ಶುರುವಾಗುವ ಮೊದಲೇ ಒಂದು ನಿಯಮವನ್ನು ಹಾಕಿಕೊಂಡಿದ್ದೆ: ಬಾಡಿಯನ್ನಾಗಲಿ ಚಾಸಿಯನ್ನಾಗಲಿ ಕತ್ತರಿಸುವುದಿಲ್ಲ, ಅವುಗಳಿಗೆ ಏನನ್ನೂ ಬೆಸೆಯುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕನು ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಹೀಗಾಗಿ ಛಾವಣಿ ಎತ್ತರಿಸುವುದು, ಛಾವಣಿಯಲ್ಲಿ ಕಿಂಡಿ ಕೊರೆಯುವುದು ಎರಡನ್ನೂ ಮೊದಲೇ ಕೈಬಿಟ್ಟೆ. ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸಬೇಕೆಂದು ಸ್ನೇಹಿತರು ಒತ್ತಾಯಿಸಿದರೂ ಒಪ್ಪಲಿಲ್ಲ. ಅವುಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಹಿಂಭಾಗದಲ್ಲಿ ಎದುರುಬದುರಾಗಿದ್ದ ಬೆಂಚುಗಳನ್ನು ತೆಗೆಯುವ ಮುನ್ನ ಆರ್‌ಟಿಒ ಕಚೇರಿಗೆ ಅರ್ಜಿ ಕೊಟ್ಟು, ಆಸನಗಳ ಸಂಖ್ಯೆ ಕಡಿಮೆಯಾದುದನ್ನು ನೋಂದಣಿ ಪತ್ರದಲ್ಲಿ ನಮೂದಿಸಿಕೊಂಡು, ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿದೆ. ಇಷ್ಟು ಕಾಗದಪತ್ರವಿಲ್ಲದೆ ಗಾಡಿಯ ಒಳಗನ್ನು ಬದಲಿಸುವುದು ಜಾಣತನವಲ್ಲವೆಂಬುದು ನನ್ನ ಅಭಿಪ್ರಾಯ.

ಬೆಂಚುಗಳು ಹೋದ ಮೇಲೆ ನೆಲದಲ್ಲಿ ಉಳಿದ ಬೋಲ್ಟಿನ ತೂತುಗಳೇ ನನ್ನ ಇಡೀ ರಚನೆಗೆ ಆಧಾರ. ಕೊಪ್ಪಳದ ವೆಲ್ಡಿಂಗ್ ಅಂಗಡಿಯವರು ಮೊದಲ ದಿನವೇ, “ಸರ, ಬೋಲ್ಟ್ ಯಾಕ್ರೀ? ಫ್ಲೋರಿಗೇ ವೆಲ್ಡಿಂಗ್ ಹೊಡದ್ ಬಿಡೂಣ್ರಿ, ಗಟ್ಟಿ ಇರ್ತೈತಿ,” ಎಂದರು. ನಾನು ಒಪ್ಪದಿದ್ದುದು ಕಾನೂನಿಗೆ ಹೆದರಿ ಮಾತ್ರವಲ್ಲ. ಚೌಕಟ್ಟನ್ನು ಬಿಚ್ಚಿ ಹೊರಗಿಡಲು ಬಂದರೆ ಮಾತ್ರ ನೆಲದ ತಗಡಿನ ಕೆಳಗೆ ತುಕ್ಕು ಹಿಡಿಯುವುದನ್ನು ವರ್ಷಕ್ಕೊಮ್ಮೆಯಾದರೂ ನೋಡಲು ಸಾಧ್ಯ.

ಈ ಕೆಲಸದಲ್ಲಿ ನಾನು ಹೆಚ್ಚು ಯೋಚಿಸಿದ್ದು ತೂಕದ ಬಗ್ಗೆ. ಹಿಂದೆ ಎಂಟು ಜನ ಕೂತರೆ, ತಲೆಗೆ 65 ಕಿಲೋದಂತೆ 520 ಕಿಲೋ ಆಗುತ್ತದೆ. ಸ್ಪ್ರಿಂಗು, ಬ್ರೇಕುಗಳು ಆ ಭಾರಕ್ಕೆ ತಕ್ಕಂತೆ ಇವೆ. ಮಂಚ, ಪೆಟ್ಟಿಗೆ, ನೀರು, ಬ್ಯಾಟರಿ, ಉಪಕರಣ ಎಲ್ಲವೂ ಸೇರಿ 400 ಕಿಲೋ ಮೀರಬಾರದೆಂದು ನಿಶ್ಚಯಿಸಿ, ಕೆಲಸದ ಮೊದಲೂ ಆಮೇಲೂ ವೇಬ್ರಿಡ್ಜಿನಲ್ಲಿ ತೂಗಿಸಿದೆ. ಬಡಗಿಗಳು ರೂಢಿಯಂತೆ 18 ಮಿಲಿಮೀಟರ್ ಪ್ಲೈವುಡ್ ಸೂಚಿಸುತ್ತಾರೆ; ಎಂಟಡಿಗೆ ನಾಲ್ಕಡಿಯ ಅಂಥ ಒಂದು ಹಾಳೆಯೇ ಸುಮಾರು 35 ಕಿಲೋ ತೂಗುತ್ತದೆ. 12 ಮಿಲಿಮೀಟರಿನದು ಸುಮಾರು 23 ಕಿಲೋ. ಅಡಿಯಲ್ಲಿ ಒಂದಿಂಚಿನ ಚೌಕ ಪೈಪಿನ ಚೌಕಟ್ಟಿದ್ದರೆ ತೆಳು ಹಾಳೆಯೂ ಬಾಗುವುದಿಲ್ಲ. ಛಾವಣಿಯ ಕ್ಯಾರಿಯರ್ ಮೇಲೆ ಸೋಲಾರ್ ಫಲಕದ ಹೊರತು ಏನನ್ನೂ ಇಡುವುದಿಲ್ಲ. ಹೊಲದ ಬದುವನ್ನು ಓರೆಯಾಗಿ ದಾಟುವಾಗ ಗಾಡಿ ವಾಲುವುದು ಮೇಲಿನ ಭಾರದಿಂದಲೇ.

ಒಳಗಿನ ವಿನ್ಯಾಸದಲ್ಲಿ ಕೆಲಸಕ್ಕೆ ಮೊದಲ ಸ್ಥಾನ, ನಿದ್ದೆಗೆ ಎರಡನೆಯದು. ಹಿಂದಿನ ಬಾಗಿಲು ತೆರೆದರೆ ಎರಡು ಉದ್ದನೆಯ ಡ್ರಾಯರುಗಳು ಹೊರಗೆ ಜಾರುತ್ತವೆ. ಎಡಗಡೆಯದರಲ್ಲಿ 200 ಮೀಟರಿನ ಎರಡು ಕೇಬಲ್ ರಾಟೆಗಳು, ಬಲಗಡೆಯದರಲ್ಲಿ ಸರಳುಗಳು, ಸುತ್ತಿಗೆಗಳು ಮತ್ತು ರೋಧಶೀಲತೆ ಅಳೆಯುವ ಮೀಟರ್. ಗಾಡಿಯನ್ನು ಅಳತೆಯ ನಡುಬಿಂದುವಿನ ಪಕ್ಕದಲ್ಲೇ ನಿಲ್ಲಿಸಿ, ಎರಡೂ ದಿಕ್ಕಿಗೆ ಒಬ್ಬೊಬ್ಬರು ಕೇಬಲ್ ಎಳೆದುಕೊಂಡು ಹೋದರೆ, ಹೊರಗೆ ಎಳೆದ ಡ್ರಾಯರಿನ ಮುಚ್ಚಳವೇ ನನ್ನ ಮೇಜಾಗುತ್ತದೆ. ಡ್ರಾಯರುಗಳ ಮೇಲಿನ ಹಲಗೆಯ ಮೇಲೆ ಮೂರಿಂಚಿನ ಹಾಸಿಗೆ. ಮಧ್ಯದ ಸೀಟಿನ ಬೆನ್ನನ್ನು ಮಡಚಿದಾಗ ಅದರ ಉದ್ದ ಆರಡಿಗೂ ಸ್ವಲ್ಪ ಹೆಚ್ಚಾಗುತ್ತದೆ.

ಕಚ್ಚಾ ದಾರಿಯ ವಿಷಯಕ್ಕೆ ಬಂದರೆ, ನಮ್ಮಲ್ಲಿನ ನಿಜವಾದ ಕಷ್ಟ ಕಲ್ಲು ಗುಡ್ಡದ್ದಲ್ಲ, ಎರೆ ಮಣ್ಣಿನದು. ಒಂದು ಮಳೆ ಬಿದ್ದರೆ ಸಾಕು, ಆ ಮಣ್ಣು ಉಬ್ಬಿ, ಟೈರಿನ ಗೀರುಗಳನ್ನೆಲ್ಲ ತುಂಬಿ, ಚಕ್ರವನ್ನು ನುಣುಪಾದ ಉಂಡೆ ಮಾಡಿಬಿಡುತ್ತದೆ. ಫೋರ್‌ವೀಲ್ ಡ್ರೈವ್ ಇದ್ದ ಗಾಡಿಗಳು ಕೂಡ ಅಲ್ಲಿ ಪರದಾಡುವುದನ್ನು ಕಂಡಿದ್ದೇನೆ. ನಾನು ಮೂಲದ 215/75 ಆರ್ 15 ಅಳತೆಯನ್ನೇ ಉಳಿಸಿಕೊಂಡು, ಅಗಲ ಗೀರುಗಳ ಆಲ್ ಟೆರೇನ್ ಟೈರುಗಳನ್ನು ಹಾಕಿಸಿದೆ. ಸಡಿಲ ಮಣ್ಣಿನಲ್ಲಿ ಗಾಳಿಯನ್ನು 20 ಪಿಎಸ್‌ಐವರೆಗೆ ಇಳಿಸಿದರೆ ಟೈರು ನೆಲಕ್ಕೆ ಹೆಚ್ಚು ಅಗಲವಾಗಿ ಒತ್ತಿಕೊಳ್ಳುತ್ತದೆ. ಡಾಂಬರಿಗೆ ಬಂದೊಡನೆ ಮತ್ತೆ ತುಂಬಲು 12 ವೋಲ್ಟಿನ ಕಂಪ್ರೆಸರ್ ಇದೆ. ಬಳ್ಳಾರಿ ಜಾಲಿಯ ಮುಳ್ಳು ಹೊಸ ಟೈರನ್ನೂ ಬಿಡದ ಕಾರಣ, ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ ಮತ್ತು ಎರಡನೆಯ ಸ್ಟೆಪ್ನಿ ಇಲ್ಲದೆ ನಾನು ಹೊರಡುವುದಿಲ್ಲ. ಹೊಲ ಹದಕ್ಕೆ ಬರುವ ಮುಂಚೆ ಇಳಿಯದಿರುವುದು ಇವೆಲ್ಲಕ್ಕಿಂತ ಉತ್ತಮ ಉಪಾಯ. ರೈತರು ಬೀಜದ ಕೂರಿಗೆಗೆ ಕಾಯುವಂತೆ ನಾನೂ ಅರ್ಧ ದಿನದ ಬಿಸಿಲಿಗೆ ಕಾಯುತ್ತೇನೆ. ಸಿಕ್ಕಿಕೊಂಡರೆ ಎಳೆಯಲು ಊರಿನಲ್ಲಿ ಟ್ರ್ಯಾಕ್ಟರಂತೂ ಇದ್ದೇ ಇರುತ್ತದೆ. ಎಳೆಯುವ ಪಟ್ಟಿಯನ್ನು ಬಂಪರಿಗೆ ಕಟ್ಟದೆ ಚಾಸಿಯ ಕೊಕ್ಕೆಗೇ ಕಟ್ಟುವಂತೆ ನಿಂತು ನೋಡಿಕೊಂಡರೆ ಸಾಕು.

ಹಳ್ಳ ದಾಟುವ ಗಾಡಿಗೆ ಅಗ್ಗದ ಒಂದು ಬದಲಾವಣೆಯನ್ನು ಎಲ್ಲರಿಗೂ ಹೇಳುತ್ತೇನೆ. ಹಿಂದಿನ ಆಕ್ಸಲ್ ಮೇಲಿರುವ ಗಾಳಿ ಕಿಂಡಿಗೆ ರಬ್ಬರ್ ಕೊಳವೆ ಜೋಡಿಸಿ ಎತ್ತರಕ್ಕೆ ಒಯ್ಯಬೇಕು. ಓಡಿ ಬಿಸಿಯಾದ ಡಿಫರೆನ್ಷಿಯಲ್ (ಆಕ್ಸಲ್ಲಿನ ನಡುವಿನ ಗೇರುಗಳ ಗೂಡು) ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಆ ಕಿಂಡಿಯಿಂದ ನೀರನ್ನು ಹೀರುತ್ತದೆ, ಎಣ್ಣೆ ಕೆಡುತ್ತದೆ.

ವಿದ್ಯುತ್ತಿಗೆ 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದೆ, 12.8 ವೋಲ್ಟಿನ ಲೆಕ್ಕದಲ್ಲಿ 1,280 ವಾಟ್-ಅವರ್. ಸಣ್ಣ ಕಂಪ್ರೆಸರ್ ಫ್ರಿಜ್ ದಿನಕ್ಕೆ ಸುಮಾರು 480, ರಾತ್ರಿಯಿಡೀ ತಿರುಗುವ ಫ್ಯಾನು 220, ಲ್ಯಾಪ್‌ಟಾಪ್ 240 ವಾಟ್-ಅವರ್ ಬೇಡುತ್ತವೆ. ದೀಪದ ಖರ್ಚು ಲೆಕ್ಕಕ್ಕಿಲ್ಲ. ಒಟ್ಟು 950ರ ಆಸುಪಾಸು. 160 ವಾಟಿನ ಫಲಕವು ಒಳ್ಳೆಯ ಬಿಸಿಲಿನಲ್ಲೂ, ನಷ್ಟ ಕಳೆದು, ದಿನಕ್ಕೆ ಸುಮಾರು 560 ಕೊಡುತ್ತದೆ. ಉಳಿದದ್ದನ್ನು ಎಂಜಿನ್ ಓಡುವಾಗ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರಿನಿಂದ, ಅದನ್ನು ಈ ಬ್ಯಾಟರಿಗೆ ತಕ್ಕಂತೆ ಹೊಂದಿಸುವ 20 ಆಂಪಿಯರ್ ಡಿಸಿ-ಡಿಸಿ ಚಾರ್ಜರ್ ಮೂಲಕ ಒಂದೂವರೆ ಗಂಟೆಯ ಓಟದಲ್ಲಿ ತುಂಬಿಕೊಳ್ಳುತ್ತೇನೆ. ಗಾಡಿಯ ಸ್ವಂತ ಬ್ಯಾಟರಿಗೂ ಇದಕ್ಕೂ ನೇರ ತಂತಿ ಇಲ್ಲ; ಎರಡೂ ಬ್ಯಾಟರಿಗಳ ಪಕ್ಕದಲ್ಲೇ ಫ್ಯೂಸುಗಳಿವೆ, ಏಕೆಂದರೆ ಉದ್ದ ತಂತಿ ಎಲ್ಲಿಯಾದರೂ ತಗಡಿಗೆ ಉಜ್ಜಿ ಶಾರ್ಟ್ ಆದರೆ ದೂರದ ಫ್ಯೂಸು ಪ್ರಯೋಜನಕ್ಕೆ ಬಾರದು. ವಿಪರೀತ ಬಿಸಿಯಾದರೆ ಬ್ಯಾಟರಿಯು ತಾನಾಗಿ ಚಾರ್ಜ್ ತೆಗೆದುಕೊಳ್ಳುವುದನ್ನು ನಿಲ್ಲಿಸುವುದರಿಂದ ಅದನ್ನು ನೆರಳಿನ ಜಾಗದಲ್ಲಿ, ಮಧ್ಯದ ಸೀಟಿನ ಹಿಂದೆ ನೆಲಕ್ಕೆ ಬಿಗಿದಿದ್ದೇನೆ.

ಸೆಕೆಗೆ ಪೂರ್ತಿ ಪರಿಹಾರ ಸಿಕ್ಕಿಲ್ಲ. ಎಸಿ ಕೊಳವೆಗಳಿಗೆ ಸುತ್ತುವ, ಒಂದು ಬದಿಗೆ ಅಲ್ಯೂಮಿನಿಯಂ ಹಾಳೆಯಿರುವ ನೈಟ್ರೈಲ್ ರಬ್ಬರನ್ನು ಛಾವಣಿಯ ಒಳಮೈಗೆ ಅಂಟಿಸಿದ್ದರಿಂದ ತಗಡಿನ ಕಾವು ಮುಖಕ್ಕೆ ಹೊಡೆಯುವುದು ನಿಂತಿತು. ಆದರೂ ಮೇ ತಿಂಗಳ ರಾತ್ರಿ ಹತ್ತರವರೆಗೆ ಒಳಗೆ ಮಲಗಲಾಗದು. ಅಷ್ಟು ಹೊತ್ತು ಕ್ಯಾರಿಯರಿಗೆ ಕಟ್ಟಿದ ತಾಡಪತ್ರಿಯ ಕೆಳಗೆ ಕುಳಿತಿರುತ್ತೇನೆ. ಸರಿಸುವ ಕಿಟಕಿಗಳಿಗೆ ಸೊಳ್ಳೆ ಜಾಲರಿ ಹಾಕಿಸಿದ್ದು ದೊಡ್ಡ ಅನುಕೂಲ. ಧೂಳು ಬರುವುದು ಹೆಚ್ಚಾಗಿ ಹಿಂದಿನ ಬಾಗಿಲಿನಿಂದ: ಓಡುವ ಗಾಡಿಯ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಎದ್ದ ಧೂಳೆಲ್ಲ ಅಲ್ಲಿಗೇ ಸುಳಿಯುತ್ತದೆ. ಬಾಗಿಲಿನ ರಬ್ಬರ್ ಬೀಡಿಂಗನ್ನು ಹೊಸದಾಗಿ ಹಾಕಿಸಿ, ಹಿಂದಿನ ಕಿಟಕಿಗಳನ್ನು ಮುಚ್ಚಿ, ಮುಂದಿನ ಬ್ಲೋವರನ್ನು ಹೊರಗಾಳಿಗೆ ತಿರುಗಿಸಿ ಓಡಿಸಿದರೆ ಒಳಗಿನ ಒತ್ತಡ ಹೆಚ್ಚಿ ಮೀಟರ್ ಮೇಲೆ ಧೂಳು ಕೂರುವುದು ಬಹಳ ಕಡಿಮೆಯಾಗುತ್ತದೆ.

ಅಡುಗೆಗೆ 5 ಕಿಲೋದ ಛೋಟು ಸಿಲಿಂಡರು, ಒಂದೇ ಒಲೆ, ಎರಡು ಪಾತ್ರೆ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಹಾಗಾಗಿ ಒಲೆಯನ್ನು ಹೊರಗೇ ಹಚ್ಚುತ್ತೇನೆ, ರಾತ್ರಿ ಸಿಲಿಂಡರನ್ನೂ ಹೊರಗಿಡುತ್ತೇನೆ. ನೀರಿಗೆ ಯಾವ ಹಳ್ಳಿಯಲ್ಲೂ ಬದಲಿಸಿಕೊಳ್ಳಬಹುದಾದ 20 ಲೀಟರಿನ ಎರಡು ಕ್ಯಾನುಗಳೇ ಸಾಕು. ರಾತ್ರಿ ನಿಲ್ಲಿಸಲು ಜಾಗ ಹುಡುಕುವ ಕಷ್ಟವಿಲ್ಲ. ಹೊಲದ ಮಾಲೀಕರೇ ಕಣದಲ್ಲೋ ಗುಡಿಯ ಅಂಗಳದಲ್ಲೋ ಜಾಗ ತೋರಿಸುತ್ತಾರೆ. ಬೆಳಿಗ್ಗೆ ಹೊರಡುವಾಗ ಮಾತ್ರ, ಕ್ರೂಸರ್ ಎಂದಮೇಲೆ ಸರ್ವಿಸ್ ಗಾಡಿಯೇ ಇರಬೇಕೆಂದು ಊರಿನವರು ಕೈ ಅಡ್ಡ ಮಾಡುತ್ತಾರೆ. ಮಧ್ಯದ ಸೀಟು ಖಾಲಿಯಿದ್ದರೆ ವಯಸ್ಸಾದವರನ್ನು ಕೂರಿಸಿಕೊಳ್ಳುತ್ತೇನೆ, ದುಡ್ಡು ಮಾತ್ರ ಮುಟ್ಟುವುದಿಲ್ಲ. ಬಿಳಿ ಬೋರ್ಡಿಗೆ ಅದು ಸಲ್ಲದು.

ಕಚ್ಚಾ ರಸ್ತೆಯ ಅದುರಿಗೆ ಸಡಿಲವಾಗದ ಬೋಲ್ಟಿಲ್ಲ. ಚೌಕಟ್ಟಿಗೆಲ್ಲ ನೈಲಾನ್ ಬಳೆಯ ನಟ್ಟುಗಳನ್ನೇ ಬಳಸಿ, ಪ್ರತಿ ಬೋಲ್ಟಿನ ತಲೆಯಿಂದ ತಗಡಿನವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆದಿದ್ದೇನೆ. ಗೆರೆ ಮುರಿದು ಕಂಡ ಕಡೆ ಸ್ಪ್ಯಾನರ್ ಹಾಕಿದರಾಯಿತು. ಪ್ರತಿ ಸುತ್ತಿನ ನಂತರ ಎಡ ಚಕ್ರದ ಮೇಲಿನ ಮೂಲೆಯಲ್ಲಿ ಒಂದೆರಡಾದರೂ ಸಿಗುತ್ತವೆ.