ಗಂಟೆ ಲೆಕ್ಕ ಬಿಟ್ಟು ಒಟ್ಟು ಶುಲ್ಕಕ್ಕೆ ಬಂದ ಬಗೆ

ಲಾ ಫರ್ಮ್ ಒಂದರಲ್ಲಿ ಕಂಪನಿ ಖರೀದಿ, ವಿಲೀನಗಳ ಕೆಲಸ ಮಾಡುವ ಪಾರ್ಟ್‌ನರ್ ನಾನು. ದೊಡ್ಡ ಲಾ ಫರ್ಮ್‌ನ ಲಾಭ ಹುಟ್ಟುವುದು ಹೆಚ್ಚಾಗಿ ಅಸೋಸಿಯೇಟ್‌ಗಳ, ಅಂದರೆ ಸಂಬಳಕ್ಕಿರುವ ಕಿರಿಯ ವಕೀಲರ, ಗಂಟೆಗಳಿಂದ. ಒಬ್ಬ ಪಾರ್ಟ್‌ನರ್ ಕೆಳಗೆ ನಾಲ್ಕೈದು ಜನ, ಆರಾರು ನಿಮಿಷಕ್ಕೆ ಲೆಕ್ಕ ಬರೆಯುವ ಟೈಮ್‌ಶೀಟ್. ಸಂಬಳ, ಕಚೇರಿ ಖರ್ಚು ಕಳೆದು ಉಳಿದದ್ದು ಪಾರ್ಟ್‌ನರ್‌ಗಳಿಗೆ.

2008ರ ಆರ್ಥಿಕ ಕುಸಿತದ ನಂತರ ಕಕ್ಷಿದಾರ ಕಂಪನಿಗಳು ಬಿಲ್ಲನ್ನು ಸಾಲುಸಾಲಾಗಿ ಓದತೊಡಗಿದವು. ಹೊಸಬರು ಕೆಲಸ ಕಲಿಯುವುದಕ್ಕೆ ನಾವೇಕೆ ದುಡ್ಡು ಕೊಡಬೇಕು ಎಂಬುದು ಅವರ ತಕರಾರು. ಸಂಬಳ ಮಾತ್ರ ಮುಂದೆ ಏರಿತು: ನ್ಯೂಯಾರ್ಕ್‌ನ ದೊಡ್ಡ ಫರ್ಮ್‌ಗಳಲ್ಲಿ ಮೊದಲ ವರ್ಷದವರ ಮೂಲ ಸಂಬಳ 2007ರಲ್ಲಿ 1,60,000 ಡಾಲರ್, 2023ರ ಕೊನೆಗೆ 2,25,000.

ನಾನು ಮೊದಲು ಮುಗಿದ ಕೆಲಸಗಳ ಟೈಮ್‌ಶೀಟ್ ಹರಡಿಕೊಂಡು ಕೂತೆ. ‘ದಾಖಲೆ ಪರಿಶೀಲನೆ, 3.4 ಗಂಟೆ’ ಎಂಬಂಥ ನಮೂದುಗಳಿಂದ ಏನೂ ತಿಳಿಯದು. ಅವನ್ನು ಖರೀದಿಯಾಗುವ ಕಂಪನಿಯ ಕರಾರು ಓದುವುದು, ವರದಿ ಬರೆಯುವುದು, ಚೌಕಾಸಿ, ಮುಕ್ತಾಯ ಎಂದು ಬಿಡಿಸಿದಾಗ ಚಿತ್ರ ಸಿಕ್ಕಿತು. ದರಪಟ್ಟಿಯಂತೆ 100 ಆಗುವ ಕೆಲಸ ಬಿಲ್ಲಿನಲ್ಲಿ 88, ಕೈಗೆ ಬರುವಾಗ 82 ಎಂದಿಟ್ಟುಕೊಳ್ಳಿ. ಆ ಸೋರಿಕೆಯ ಬಹುಪಾಲು ಕರಾರು ಓದುವ ಹಂತದ್ದೇ.

ಹಾಗಾಗಿ ಆ ಹಂತಕ್ಕಷ್ಟೇ ಒಟ್ಟು ಶುಲ್ಕ, ಅಂದರೆ ಎಷ್ಟೇ ಗಂಟೆ ಹಿಡಿದರೂ ಮೊದಲೇ ಗೊತ್ತುಮಾಡಿದ ಮೊತ್ತ, ಇಟ್ಟೆ. ಎಷ್ಟು ಕರಾರು, ಯಾವ ಮೊತ್ತಕ್ಕಿಂತ ಮೇಲಿನವು, ವರದಿಗೆ ಎಷ್ಟು ಸುತ್ತಿನ ತಿದ್ದುಪಡಿ ಎಂದು ಒಂದೇ ಪುಟದಲ್ಲಿ ಬರೆದು ಸಹಿ ಹಾಕಿಸಿದೆ. ಮೀರಿದರೆ ಪ್ರತಿ ಕರಾರಿಗೆ ಇಷ್ಟು. ಚೌಕಾಸಿಯನ್ನು ಗಂಟೆ ಲೆಕ್ಕದಲ್ಲೇ ಬಿಟ್ಟೆ. ಎದುರು ವಕೀಲರ ಹಟಕ್ಕೆ ಬೆಲೆ ಕಟ್ಟುವ ಧೈರ್ಯ ನನಗಿಲ್ಲ.

ಓದುವ ಕ್ರಮವೂ ಬದಲಾಯಿತು. ಎಐ ತಂತ್ರಾಂಶ ಮಾಲೀಕತ್ವ ಬದಲಾವಣೆಯ ಷರತ್ತುಗಳನ್ನು ಹೆಕ್ಕುತ್ತದೆ, ಪ್ಯಾರಾಲೀಗಲ್ (ವಕೀಲರ ಸಹಾಯಕರು) ತಾಳೆ ನೋಡುತ್ತಾರೆ, ಗುರುತಾದದ್ದನ್ನು ಅಸೋಸಿಯೇಟ್ ಓದುತ್ತಾರೆ. ಗುರುತಾಗದ ಕರಾರುಗಳಲ್ಲೂ ಒಂದಷ್ಟನ್ನು ತೆಗೆದು ಪೂರ್ತಿ ಓದಿಸುತ್ತೇನೆ, ಇದರಲ್ಲಿ ರಾಜಿಯಿಲ್ಲ. ‘ಕರಾರನ್ನು ಒಪ್ಪಿಗೆಯಿಲ್ಲದೆ ಬೇರೆಯವರಿಗೆ ವರ್ಗಾಯಿಸಬಾರದು’ ಎಂಬ ಸಪ್ಪೆ ಸಾಲು ಹದಿನಾಲ್ಕನೇ ಕಲಮಿನಲ್ಲಿರುತ್ತದೆ. ‘ವರ್ಗಾವಣೆ’ಯಲ್ಲಿ ಷೇರುದಾರರ ಬದಲಾವಣೆಯೂ ಸೇರಿದೆ ಎಂಬ ಮಾತು ಮೊದಲ ಪುಟದ ವ್ಯಾಖ್ಯೆಗಳಲ್ಲಿ ಅಡಗಿರುತ್ತದೆ. ಎರಡನ್ನೂ ಜೋಡಿಸಿ ಓದದಿದ್ದರೆ ಇಡೀ ಖರೀದಿಯೇ ಸಿಕ್ಕಿಹಾಕಿಕೊಳ್ಳಬಹುದು.

ಬಿಲ್ಲಿನ ಮೊತ್ತ ಇಳಿಯಿತು. ಬಿಲ್ ಮಾಡಿದ್ದು ಹೆಚ್ಚುಕಡಿಮೆ ಪೂರ್ತಿ ಬಂತು. ಕಕ್ಷಿದಾರರು ಬೇಗ ಒಪ್ಪಿದರು. ಕಷ್ಟವಾದದ್ದು ನಮ್ಮೊಳಗೆ. ಬೋನಸ್ ಗಂಟೆ ಎಣಿಸಿ ಕೊಡುವಾಗ ಚುರುಕಾಗಿ ಮುಗಿಸಿದವನಿಗೇ ನಷ್ಟ. ಒಟ್ಟು ಶುಲ್ಕದ ಕೆಲಸದಲ್ಲಿ ದುಡಿದ ಗಂಟೆಗಳ ಬದಲು ಬಜೆಟ್ಟಿನಲ್ಲಿ ಅಂದಾಜಿಸಿದ ಗಂಟೆಗಳನ್ನೇ ಅಸೋಸಿಯೇಟ್‌ಗಳ ಲೆಕ್ಕಕ್ಕೆ ಹಾಕಿಸಲು ಸಮಿತಿಯಲ್ಲಿ ಸಾಕಷ್ಟು ವಾದಿಸಬೇಕಾಯಿತು. ಪಾರ್ಟ್‌ನರ್‌ಗಳ ಪಾಲಿನ ವಿಷಯ ಇನ್ನೂ ನಾಜೂಕು. ಪಾರ್ಟ್‌ನರ್‌ಗಳಿಗೆ ಖಾತರಿ ಆದಾಯದ ಮಾತು ಕೊಟ್ಟು, 2012ರಲ್ಲಿ ದಿವಾಳಿಯಾದ ಅಮೆರಿಕದ ಲಾ ಫರ್ಮ್ ಡ್ಯೂಯಿ ಆಂಡ್ ಲಬೋಫ್‌ನ ಉದಾಹರಣೆ ಕಣ್ಣೆದುರಿದ್ದರೂ, ತನ್ನ ಪಾಲಿನ ಸೂತ್ರ ಮುಟ್ಟಲು ಯಾರೂ ಬಿಡುವುದಿಲ್ಲ.

ಟೈಮ್‌ಶೀಟ್ ಬರೆಸುವುದನ್ನು ನಿಲ್ಲಿಸಿಲ್ಲ; ಮುಂದಿನ ಬೆಲೆ ಕಟ್ಟಲು ಅದು ಬೇಕು. ಹಿಂದೆ ಕರಾರು ಓದಿಯೇ ಕಲಿಯುತ್ತಿದ್ದ ಹೊಸಬರನ್ನು ಈಗ ಚೌಕಾಸಿಯ ಕರೆಗಳಲ್ಲಿ ಬಿಲ್ ಮಾಡದೆ ಕೂರಿಸುತ್ತೇನೆ. ಅದರ ಖರ್ಚನ್ನು ಒಟ್ಟು ಶುಲ್ಕ ನಿಗದಿ ಮಾಡುವಾಗಲೇ ಸೇರಿಸಿರುತ್ತೇನೆ.